ಒಪ್ಪಿಗೆಯ ನೀರು

ನಮ್ಮ ಮಸಗುಪ್ಪಿಯ ಮನೆಯ ಪಡಸಾಲೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆಯಿದೆ. ಬಂದವರು ಬೀಗರಾಗಲಿ, ಬಿಸಿಲಿಗೆ ದಣಿದ ದಾರಿಹೋಕರಾಗಲಿ, ಮೊದಲು ಅದರ ತುಂಬ ನೀರು, ಜೊತೆಗೊಂದು ಬೆಲ್ಲದ ಚೂರು, ಮಾತೇನಿದ್ದರೂ ಆಮೇಲೆ. ಕೊಡುವ ಕೆಲಸ ನಮ್ಮ ಕಾಕಾನದು, ಅಂದರೆ ನನ್ನ ಅಪ್ಪನ ತಮ್ಮನದು. ಆ ಕೈ ಕುಡಿತಕ್ಕೆ ಸಿಕ್ಕು ನಡುಗತೊಡಗಿದ ಮೇಲೆ, ತಂಬಿಗೆ ಬಂದವರನ್ನು ಮುಟ್ಟುವಷ್ಟರಲ್ಲಿ ಅರ್ಧ ನೀರು ನೆಲದ ಪಾಲಾಗುತ್ತಿತ್ತು. ಒಂದು ದಿನ ಅದನ್ನು ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ. ನನ್ನ ಎದೆ ಒಡೆದದ್ದು ಅವನು ಕುಡಿದು ಬಿದ್ದಾಗಲ್ಲ, ಆವತ್ತು.

ಮೂಡಲಗಿಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಹೀಗೇ ಬಿಟ್ಟರೆ ಆಳು ಉಳಿಯುವುದಿಲ್ಲ, ಹಾಗಂತ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ, ಡಾಕ್ಟರಿರುವ ವ್ಯಸನಮುಕ್ತಿ ಕೇಂದ್ರ ಹುಡುಕಿ. ಹುಡುಕುವುದೇನು ಬಂತು, ಬಸ್‌ಸ್ಟ್ಯಾಂಡಿನ ಗೋಡೆಯ ತುಂಬ ಫೋನ್ ನಂಬರುಗಳೇ! ನಾನು ಮೊದಲು ಕಂಡದ್ದಕ್ಕೇ ಫೋನು ಹಚ್ಚಿದೆ. ನೋಡಿ ಸ್ನೇಹಿತರೇ, ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವ ನಾವು, ಮನುಷ್ಯನನ್ನು ಒಪ್ಪಿಸುವಾಗ ಮಾತ್ರ ಗೋಡೆಯನ್ನು ನಂಬಿಬಿಡುತ್ತೇವೆ.

ಕಾಕಾನ ಹೆಂಡತಿ, ನನ್ನ ಚಿಗವ್ವ, ಫೋನು ಕಸಿದುಕೊಂಡಳು. "ಮಗಳನ್ನ ಕೊಡೂಮುಂದ ಮನಿ ನೋಡ್ಕೊಂಡ ಬರ್ತೇವಿಲ್ಲ? ಗಂಡನ್ನ ಕೊಡೂಮುಂದ ಬ್ಯಾಡೇನ?" ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಮನೆತನದಲ್ಲಿ ಸಂಬಂಧಕ್ಕೆಂದು ಮನೆ ನೋಡಲು ಹೋದವರು, ಮನಸ್ಸು ಒಪ್ಪುವ ತನಕ ಅಲ್ಲಿಯ ನೀರು ಮುಟ್ಟುವುದಿಲ್ಲ, ಕುಡಿದರೆ ಒಪ್ಪಿದಂತೆ. ಆ ಪದ್ಧತಿಯನ್ನೇ ಸೆರಗಿಗೆ ಕಟ್ಟಿಕೊಂಡು ಚಿಗವ್ವ ನನ್ನೊಡನೆ ಹೊರಟಳು, ಯಾರಿಗೂ ಸುಳಿವು ಕೊಡದೆ.

ಗೋಕಾಕದ ಕಡೆಯ ಕೇಂದ್ರ ನೋಡಲು ಬಲು ಚಂದ. ಹೆಸರು ಬೇಡ ಬಿಡಿ. ಕಿಟಕಿ ತುಂಬ ಗಾಜು, ಬಾಯಿ ತುಂಬ ಗ್ಯಾರಂಟಿ. ನೀವು ಹೂಂ ಅನ್ನಿ ಸಾಕು, ಮಲಗಿದ್ದಲ್ಲಿಂದಲೇ ಎತ್ತಿ ಗಾಡಿಗೆ ಹಾಕಿಕೊಂಡು ಬರುತ್ತೇವೆ ಎಂದರು. ಡಾಕ್ಟರು ಯಾವಾಗ ಬರುತ್ತಾರೆಂದರೆ ತಡವರಿಸಿದರು. ಅಡುಗೆಮನೆ ತೋರಿಸಲೇ ಇಲ್ಲ. ಚಿಗವ್ವ ತಣ್ಣನೆಯ ನೀರಿನ ಬಾಟಲಿಯನ್ನು ಹಾಗೇ ಬಿಟ್ಟು ಎದ್ದಳು. ಹುಕ್ಕೇರಿ ತಾಲೂಕಿನ ಹತ್ತರಗಿಯಾಚೆ, ಹೆದ್ದಾರಿಯ ಸದ್ದು ಸಣ್ಣಗೆ ಕೇಳುವಲ್ಲಿದ್ದ ಇನ್ನೊಂದು ಕೇಂದ್ರದ ಗೋಡೆಗೆ ಬಣ್ಣವೂ ನೆಟ್ಟಗಿರಲಿಲ್ಲ. ಆದರೆ ಡಾಕ್ಟರು ಅಲ್ಲೇ ಇದ್ದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವನು ಒಂದು ಕಾಲಕ್ಕೆ ಅಲ್ಲಿಯೇ ಸೇರಿ ಚೇತರಿಸಿಕೊಂಡವನು. "ಗ್ಯಾರಂಟಿ ಕೊಡಂಗಿಲ್ರಿ," ಎಂದರು ಕೇಂದ್ರ ನಡೆಸುವ ಅಕ್ಕ. "ಮತ್ತ ಜಾರಿದ್ರ ಮತ್ತ ಕರ್ಕೊಂಡ ಬರ್ರಿ. ಬೈಯಂಗಿಲ್ಲ."

ಸ್ಟೀಲಿನ ತಂಬಿಗೆಯಲ್ಲಿ ನೀರು ಬಂತು. ಚಿಗವ್ವ ಅಲ್ಲಿಯೂ ಮುಟ್ಟಲಿಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಇನ್ನೆಂಥ ಅರಮನೆ ಬೇಕಿತ್ತು ಈಕೆಗೆ? ಅವಳು ಮೆಲ್ಲಗೆ ಅಂದಳು: "ನನ್ನ ಕೊಡೂಮುಂದ ನಿಮ್ಮ ಮನಿ ನೀರ ಕುಡದಾಂವ ನಮ್ಮಪ್ಪ. ನನ್ನ ಯಾರೂ ಕೇಳಿರಲಿಲ್ಲ. ಇಲ್ಲಿ ಇರಾವ್ರು ಅವರು. ಅವರ ಬಂದು ಕುಡೀಲಿ." ಇಷ್ಟು ವರ್ಷ ಎದೆಯೊಳಗಿಟ್ಟುಕೊಂಡಿದ್ದ ನೋವನ್ನು ಸೇಡಿಗೆ ತೆಗೆಯದೆ ಗಂಡನ ಮರ್ಯಾದೆಗೆ ತೆಗೆದಳಲ್ಲ, ಎಂಥ ಹೆಂಗಸು!

ಕಾಕಾ ಬರಲೊಪ್ಪದೆ ಬಹಳ ಗೋಳಾಡಿಸಿದ. ಕೊನೆಗೊಂದು ಮುಂಜಾನೆ, ಬರೇ ನೋಡಿ ಬರುತ್ತೇನೆ ಎಂಬ ಕರಾರಿನ ಮೇಲೆ ಬಂದ. ಹಾಸಿಗೆ ನೋಡಿದ, ಅಂಗಳ ನೋಡಿದ, ರೊಟ್ಟಿ ಬಡಿಯುವವನ ಹತ್ತಿರ ಕುಳಿತು ಏನೇನೋ ಪಿಸುಗುಟ್ಟಿದ. ಆಮೇಲೆ ಬಂದು ತಂಬಿಗೆಯ ಮುಂದೆ ಕುಳಿತ. ಕುಡಿ ಎಂದು ನಾವು ಯಾರೂ ಅನ್ನಲಿಲ್ಲ. ಅನ್ನದೆ ಇರುವುದು ಎಷ್ಟು ಕಷ್ಟವೆಂದು ನನಗೆ ಆವತ್ತೇ ತಿಳಿದದ್ದು. ಅವನು ಚಿಗವ್ವನ ಮುಖ ನೋಡಿದ, ಎರಡೂ ಕೈಯಿಂದ ತಂಬಿಗೆ ಎತ್ತಿದ. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಉಳಿದದ್ದರಲ್ಲಿ ನಾಲ್ಕು ಗುಟುಕು ಗಂಟಲಿಗಿಳಿಯಿತು. ತಳದಲ್ಲಿದ್ದದ್ದನ್ನು ಚಿಗವ್ವ ಇಸಿದುಕೊಂಡು ಕುಡಿದು ಮುಖ ಆಚೆ ತಿರುಗಿಸಿದಳು.

ಅಲ್ಲಿ ಚಿಕಿತ್ಸೆ ಮುಗಿಸಿಕೊಂಡು ಬಂದ ಕಾಕಾ ಈಗ ಮನೆಯಲ್ಲೇ ಇದ್ದಾನೆ. ಮನಸ್ಸು ಕುಡಿತದ ಕಡೆ ಜಗ್ಗಿದ ದಿನ ತಾನೇ ಹತ್ತರಗಿಗೆ ಹೊರಡುತ್ತಾನೆ, "ತವರಮನಿಗೆ ಹೊಂಟ್ರೇನ್ರಿ?" ಎಂದು ಚಿಗವ್ವ ಛೇಡಿಸುತ್ತಾಳೆ. ಗೆದ್ದೆವೆಂದು ನಾವ್ಯಾರೂ ಹೇಳುವುದಿಲ್ಲ, ಆ ಅಕ್ಕನ ಮಾತು ನೆನಪಿದೆ. ಮೊನ್ನೆ ನಾನು ಊರಿಗೆ ಹೋದಾಗ ಕಾಕಾ ಹಿತ್ತಾಳೆಯ ತಂಬಿಗೆ ಹಿಡಿದು ಬಾಗಿಲಿಗೇ ಬಂದ. ಕಂಠದ ತನಕ ನೀರು. ನನ್ನ ಕಣ್ಣೆಲ್ಲ ಅವನ ಕೈಯ ಮೇಲೆ.

"ಏನ ನೋಡ್ತೀಯವ್ವಾ? ಕುಡಿ," ಅಂದ.

ನೀರಡಿಕೆಯೇನೂ ಇರಲಿಲ್ಲ, ಸ್ನೇಹಿತರೇ. ತಳ ಕಾಣುವ ತನಕ ಕುಡಿದೆ.