ಯಾರು ಕಲಿಸಿದ್ದು ಎಂದು ಕೇಳಿದಾಗ

ಮೂರು ವರ್ಷ ನಾನು ಅಮೆರಿಕದವರ ಫುಟ್‌ಬಾಲ್ ನೋಡಿ ಸಂಬಳ ತೆಗೆದುಕೊಂಡೆ. ನಗಬೇಡಿ. ಕದ್ರಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಾವು ಎಂಟು ಜನ ಕಂಪ್ಯೂಟರ್ ಮುಂದೆ ಕೂತು, ಅಲ್ಲಿ ಮುಗಿದ ಪಂದ್ಯಗಳ ರೆಕಾರ್ಡಿಂಗ್ ಹಾಕಿಕೊಂಡು, ಪ್ರತಿ ಎಸೆತಕ್ಕೂ ಪ್ರತಿ ಓಟಕ್ಕೂ ಮೈದಾನದ ಇಪ್ಪತ್ತೆರಡು ಜನರಲ್ಲಿ ಒಬ್ಬೊಬ್ಬರಿಗೂ ಮಾರ್ಕ್ ಕೊಡುತ್ತಿದ್ದೆವು. ಆ ಮಾರ್ಕ್ ಅಮೆರಿಕದ ಒಂದು ಕಂಪನಿಗೆ ಹೋಗುತ್ತಿತ್ತು, ಅವರು ಅದನ್ನು ತಂಡಗಳಿಗೆ ಮಾರುತ್ತಿದ್ದರು. ನನ್ನ ಅಪ್ಪ ದೇವಸ್ಥಾನದಲ್ಲಿ ಅರ್ಚಕರು. ಮಣ್ಣಗುಡ್ಡದ ಮನೆಯಲ್ಲಿ ಮೊದಲ ದಿನ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ನೀನು ಆಡಿದ್ದುಂಟಾ ಅದನ್ನು?"

ಆಡುವುದಿರಲಿ, ಚೆಂಡನ್ನು ಕೈಯಲ್ಲೇ ಎಸೆದು, ಹಿಡಿದು ಓಡುವ ಆ ಆಟದ ತಲೆಬುಡ ನನಗೆ ಗೊತ್ತಿರಲಿಲ್ಲ. ಉಳಿದವರಿಗೂ ಅಷ್ಟೇ. ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತಿತ್ತು. ಚೆಂಡು ಹಿಡಿದು ಯಾರಿಗೆ ಎಸೆಯಬೇಕೆಂದು ನೋಡುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಕಾಯಲು ಮುಂದೆ ಐದು ಜನ ದಡಿಯರು ನಿಂತಿರುತ್ತಾರೆ. ಎದುರಾಳಿಗಳು ನುಗ್ಗಿ ಅವನನ್ನು ಕೆಡವಿದರೆ ನಾವು ಅವನ ಮಾರ್ಕ್ ಕತ್ತರಿಸಿ ಮುಂದೆ ಹೋಗುತ್ತಿದ್ದೆವು. ಬಿದ್ದವನದ್ದೇ ತಪ್ಪು! ನಮ್ಮ ಹಾಳೆಗಳು ಅಮೆರಿಕದಿಂದ ಕೆಂಪು ಗೆರೆಗಳನ್ನು ಹೊತ್ತುಕೊಂಡು ವಾಪಸು ಬರುತ್ತಿದ್ದವು.

ನಮ್ಮನ್ನು ಮನುಷ್ಯರನ್ನಾಗಿ ಮಾಡಿದವರು ಅಕ್ಕ. ಆಫೀಸಿಗೆಲ್ಲ ಅವರು ಅಕ್ಕನೇ. ನಲವತ್ತು ದಾಟಿದ್ದರು, ಜೆಪ್ಪುವಿನವರು, ಪಿಯುಸಿ ಮುಗಿಸಿ ಡೇಟಾ ಎಂಟ್ರಿಗೆ ಸೇರಿದವರು. ಮನೆಯಲ್ಲಿ ತಿಂಗಳ ಸಂಬಳ ಇದ್ದದ್ದು ಅವರೊಬ್ಬರಿಗೆ. ಅವರಿಗೂ ಈ ಆಟ ಗೊತ್ತಿರಲಿಲ್ಲ. ಆದರೆ ನಾವು ಒಂದು ಸಲ ನೋಡಿ ಬಿಟ್ಟದ್ದನ್ನು ಅವರು ಹತ್ತು ಸಲ ನೋಡುತ್ತಿದ್ದರು. ಒಂದು ದಿನ ನನ್ನ ಕುರ್ಚಿಯ ಪಕ್ಕ ಬಂದು ನಿಂತು, ಒಂದು ಎಸೆತದ ಮೊದಲ ಎರಡು ಸೆಕೆಂಡ್ ಮಾತ್ರ ಓಡಿಸಿ ನಿಲ್ಲಿಸಿದರು.

"ಎಂತ ಕಾಣ್ತದೆ ಭಟ್ರೇ?"

"ಚೆಂಡು ಇನ್ನೂ ಅವನ ಕೈಯಲ್ಲೇ ಉಂಟು."

"ಚೆಂಡಿನ ಮನೆ ಹಾಳಾಯ್ತು! ಆ ಐದು ಜನರ ಕಾಲು ನೋಡಿ. ಎರಡನೆಯವ ಯಾವ ಕಾಲು ಇಟ್ಟ?"

ನೋಡಿದೆ. ಎಲ್ಲರೂ ಬಲಕ್ಕೆ ಸರಿದಿದ್ದರು, ಅವನೊಬ್ಬ ಎಡಕ್ಕೆ. ಅಲ್ಲೇ ಬಾಗಿಲು ತೆರೆದು ಎದುರಾಳಿ ಒಳಗೆ ಬಂದಿದ್ದ. ಕ್ವಾರ್ಟರ್‌ಬ್ಯಾಕ್ ಬಿದ್ದದ್ದು ಆಮೇಲೆ.

ಎಲ್ಲರಿಗೂ ಅವರು ಒಂದೇ ರೀತಿ ಕಲಿಸಲಿಲ್ಲ. ಯಾರಿಗೆ ಬೈಯಬೇಕು, ಯಾರನ್ನು ಅವರಷ್ಟಕ್ಕೆ ಬಿಡಬೇಕು ಎಂದು ಅವರಿಗೆ ಗೊತ್ತಿತ್ತು. ಊಟದ ನಂತರ ನಾನು ಅವಸರ ಮಾಡುತ್ತೇನೆ ಎಂದು ಕಂಡುಹಿಡಿದು ಮಧ್ಯಾಹ್ನ ನನಗೆ ಸುಲಭದ ಪಂದ್ಯಗಳನ್ನೇ ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ತಪ್ಪು ಕಡಿಮೆಯಾದಾಗ ಮಾತ್ರ ಅದು ನನ್ನ ಬುದ್ಧಿವಂತಿಕೆ ಎಂದುಕೊಂಡೆ.

ಆ ಕಾಲದಲ್ಲಿ ಒಬ್ಬ ಹುಡುಗ ಕ್ವಾರ್ಟರ್‌ಬ್ಯಾಕ್ ಇದ್ದ. ಇಡೀ ವರ್ಷ ನೆಲ ಕಚ್ಚಿದ, ತಂಡವೂ ಸೋತಿತು. ಅವನದ್ದೇ ಊರಿನ ಜನ ಅವನನ್ನು ಕಂಡು ಬೂ ಎಂದು ಕೂಗುವುದು ನಮ್ಮ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಮಾಲೀಕರು ಕೋಚ್‌ನನ್ನು ತೆಗೆದು ಹೊಸಬನನ್ನು ತಂದರು. ಮರುವರ್ಷ ಅದೇ ಹುಡುಗ, ಮುಂದೆ ಅದೇ ಐದು ದಡಿಯರು, ಆದರೆ ಗೆಲುವಿನ ಮೇಲೆ ಗೆಲುವು. ಹುಡುಗ ಈಗ ಪಕ್ವವಾಗಿದ್ದಾನೆ ಎಂದು ಕಮೆಂಟರಿಯವರು ಹೊಗಳಿದ್ದೇ ಹೊಗಳಿದ್ದು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು.

"ಎಂತ ಪಕ್ವ ಮಾರಾಯ್ರೆ! ಕಾದು ನೋಡು ಅಂತ ಹೇಳ್ತಿದ್ದವ ಹೋದ, ಬೇಗ ಬಿಸಾಡು ಅಂತ ಹೇಳುವವ ಬಂದ. ಅಷ್ಟೇ."

"ಎಸೆಯುವ ಕೈ ಅವನದ್ದೇ ಅಲ್ವಾ ಅಕ್ಕ?"

"ಹೋದ ವರ್ಷವೂ ಕೈ ಅವನದ್ದೇ ಇತ್ತಲ್ಲ?"

ಅಕ್ಕನ ಅಪ್ಪ ಮೀನಿನ ಬೋಟಿನಲ್ಲಿ ತಂಡೇಲರಾಗಿದ್ದರು, ಅಂದರೆ ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವ ಮುಖ್ಯಸ್ಥ. ಅದೇ ಬೋಟು, ಅದೇ ಬಲೆ, ಅದೇ ಜನ ಇದ್ದರೂ ತಂಡೇಲ ಬದಲಾದರೆ ಮೀನು ಬದಲಾಗುತ್ತದೆ ಎಂದು ಅಕ್ಕ ಹೇಳುತ್ತಿದ್ದರು. ಮೀನು ಬಿದ್ದರೆ ಧಣಿ ನಮ್ಮ ಬೋಟು ಎನ್ನುತ್ತಾನೆ, ಬೀಳದಿದ್ದರೆ ತಂಡೇಲನನ್ನು ಇಳಿಸುತ್ತಾನೆ ಎನ್ನುತ್ತಿದ್ದರು. ಆದರೂ ನಾನು ಎಸೆಯುವ ಕೈಯ ಪಕ್ಷ ಬಿಟ್ಟುಕೊಡಲಿಲ್ಲ.

ಎರಡನೇ ವರ್ಷದ ಕೊನೆಗೆ ಅಮೆರಿಕದವರು ವೀಡಿಯೋ ಕಾಲ್ ಮಾಡಿದರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ಮ್ಯಾನೇಜರ್ ನನ್ನನ್ನು ಕ್ಯಾಮೆರಾ ಮುಂದೆ ಕೂರಿಸಿದರು. ಅಕ್ಕ ನಾಲ್ಕು ಮಾರು ಆಚೆ, ಕ್ಯಾಮೆರಾಕ್ಕೆ ಕಾಣದ ಕಡೆ, ಕೆಲಸ ಮಾಡುತ್ತಿದ್ದರು. ಅವರ ಇಂಗ್ಲಿಷ್ ಎಸ್, ನೋ ದಾಟುವುದನ್ನು ನಾವು ಯಾರೂ ಕೇಳಿರಲಿಲ್ಲ.

ಆ ಕಡೆಯ ಮನುಷ್ಯ ಒಳ್ಳೆಯವನು. ನಿಮ್ಮಷ್ಟು ಸರಿಯಾಗಿ ಮಾರ್ಕ್ ಕೊಡುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ ಎಂದ. ಆಟಗಾರನ ಯಶಸ್ಸಿನಲ್ಲಿ ಕೋಚ್‌ನ ಪಾಲು ಎಷ್ಟು ಎಂದು ನಾವು ಲೆಕ್ಕ ಹಾಕುತ್ತಿದ್ದೇವೆ, ಅದಕ್ಕೇ ಕುತೂಹಲ ಎಂದ. ಆಮೇಲೆ ಕೇಳಿದ: ನಿಮಗೆ ಕಲಿಸಿದ್ದು ಯಾರು?

ಉತ್ತರಕ್ಕೆ ಒಂದು ಹೆಸರು ಸಾಕಿತ್ತು. ಕ್ಯಾಮೆರಾವನ್ನು ಒಂದು ಗೇಣು ತಿರುಗಿಸಿದ್ದರೆ ಹೆಸರೂ ಬೇಕಿರಲಿಲ್ಲ. ಆದರೆ ಆ ಮನುಷ್ಯ ನನ್ನ ಮುಖ ನೋಡುತ್ತಿದ್ದ, ಪಕ್ಕದಲ್ಲಿ ಮ್ಯಾನೇಜರ್ ನನ್ನನ್ನು ನೋಡಿ ನಗುತ್ತಿದ್ದರು. "ನೋಬಡಿ ಇನ್ ಪರ್ಟಿಕ್ಯುಲರ್, ಸರ್. ವಿ ಜಸ್ಟ್ ವರ್ಕ್ಡ್ ಹಾರ್ಡರ್," ಎಂದೆ. ನಿರ್ದಿಷ್ಟವಾಗಿ ಯಾರೂ ಇಲ್ಲ, ನಾವೇ ಇನ್ನಷ್ಟು ಕಷ್ಟಪಟ್ಟೆವು ಎಂದು. ಥೂ, ನನ್ನ ನಾಲಿಗೆಗೆ!

ತಿರುಗಿ ನೋಡಿದೆ. ಅಕ್ಕ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಪರದೆ ನೋಡುತ್ತಿದ್ದರು. ಅರ್ಥವಾಗಿಲ್ಲ ಎಂದುಕೊಂಡು ನೆಮ್ಮದಿಪಟ್ಟೆ.

ಒಂದು ತಿಂಗಳಲ್ಲಿ ಮೇಲಿನಿಂದ ಪ್ರಶ್ನೆ ಬಂತು. ಈ ಹೆಂಗಸು ಉಳಿದವರ ಅರ್ಧದಷ್ಟು ಪಂದ್ಯವನ್ನೂ ಮುಗಿಸುವುದಿಲ್ಲ, ಇವರ ಕೆಲಸವೇನು? ಉಳಿದರ್ಧ ಹೊತ್ತು ಅವರು ನಮ್ಮ ಕುರ್ಚಿಗಳ ಹಿಂದೆ ನಿಂತಿರುತ್ತಿದ್ದರು. ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಕೇಳಿದರು, "ಅವರು ಇಲ್ಲದೆ ನಿಮ್ಮ ಟೀಮ್ ನಡೀತದಾ?"

"ನಡೀತದೆ ಸರ್," ಎಂದೆ. ಅಕ್ಕನನ್ನು ಕೆಲಸದಿಂದ ತೆಗೆದರು, ನನ್ನನ್ನು ಟೀಮ್ ಲೀಡ್ ಮಾಡಿದರು.

ಅದೇ ವರ್ಷ ಇಬ್ಬರು ಹಳಬರೂ ಕೆಲಸ ಬಿಟ್ಟರು, ಹೊಸಬರು ಬಂದರು. ನಾನು ಅವರಿಗೆ ಅಕ್ಕನ ಮಾತುಗಳನ್ನೇ ಹೇಳಿದೆ, ಒಂದಕ್ಷರ ತಪ್ಪದೆ. ಯಾರಿಗೆ ಯಾವಾಗ ಹೇಳಬೇಕು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಬೈದೆ. ಒಬ್ಬಳು ಬಾತ್‌ರೂಮಿಗೆ ಹೋಗಿ ಅತ್ತು ಬಂದಳು, ಇನ್ನೊಬ್ಬ ಹೆದರಿ ಎಲ್ಲ ಆಟಗಾರರಿಗೂ ಒಂದೇ ಮಾರ್ಕ್ ಹಾಕತೊಡಗಿದ. ಕೆಂಪು ಗೆರೆಗಳು ಮತ್ತೆ ಬಂದವು. ಹೀಗೇ ಆದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಅಮೆರಿಕದಿಂದ ಇ-ಮೇಲ್ ಬಂದಾಗ ಮ್ಯಾನೇಜರ್ ಹೇಳಿದರು, "ಅಕ್ಕನನ್ನು ಹೇಗಾದ್ರೂ ಕರ್ಕೊಂಡು ಬನ್ನಿ."

ಭಾನುವಾರ ಬೆಳಿಗ್ಗೆ ಜೆಪ್ಪುವಿಗೆ ಹೋದೆ. ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ರಿಪೋರ್ಟ್ ಟೈಪ್ ಮಾಡುವ ಅರೆ ದಿನದ ಕೆಲಸ ಸಿಕ್ಕಿದೆ, ಸಾಲುವುದಿಲ್ಲ ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಬಂದ ವಿಷಯ ಹೇಳಿದೆ. ಅವರ ಮುಖ ಅರಳಿದ್ದು ನನಗೆ ಕಾಣಿಸಿತು.

"ಬರ್ತೇನೆ. ನಾಳೆಯೇ ಬೇಕಾದ್ರೂ ಬರ್ತೇನೆ. ಆದ್ರೆ ಒಂದು ವಿಷಯ ಉಂಟು ಭಟ್ರೇ."

"ಎಂತ ಅಕ್ಕ?"

"ನೋಬಡಿ ಇನ್ ಪರ್ಟಿಕ್ಯುಲರ್, ಸರ್. ವಿ ಜಸ್ಟ್ ವರ್ಕ್ಡ್ ಹಾರ್ಡರ್." ನನ್ನ ಧಾಟಿಯಲ್ಲೇ ಹೇಳಿದರು. "ನಂಗೆ ಮಾತಾಡ್ಲಿಕ್ಕೆ ಬರುದಿಲ್ಲ, ಕೇಳಿದ್ರೆ ಗೊತ್ತಾಗ್ತದೆ. ಎರಡು ವರ್ಷ ಆ ಕಮೆಂಟರಿ ಕೇಳಿದ್ದೇನಲ್ಲ?"

ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಬೈಲಿಕ್ಕೆ ಹೇಳಿದ್ದಲ್ಲ," ಎಂದರು. "ಆ ಅಮೆರಿಕದವರು ಕೇಳಿದ್ರಲ್ಲ, ಅದಕ್ಕೆ ಸರಿಯಾದ ಉತ್ತರ ಒಂದು ಮೇಲ್ ಹಾಕಿ. ಎರಡೇ ಸಾಲು ಸಾಕು. ಮತ್ತೆ ನಾನು ಬರ್ತೇನೆ."

ಮೊಬೈಲ್ ತೆಗೆದು ಅಲ್ಲೇ ಬರೆದೆ. ನಮಗೆ ಕಲಿಸಿದ್ದು ಇವರು, ಆ ದಿನ ನಾನು ಹೇಳಿದ್ದು ಸುಳ್ಳು. ಎರಡೇ ಸಾಲು. ಬೆರಳು ಬಟನ್ ಮೇಲಿತ್ತು. ಇದು ಹೋದರೆ ಅಮೆರಿಕದವರು ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೆ? ಹಾಗಾದರೆ ನೀನು ಯಾಕೆ ಲೀಡ್ ಎಂದು ಕೇಳಿದರೆ?

"ಆಫೀಸಿಗೆ ಹೋಗಿ ಕಳಿಸ್ತೇನೆ ಅಕ್ಕ. ಇಂಗ್ಲಿಷ್ ಸ್ವಲ್ಪ ಸರಿ ಮಾಡ್ಬೇಕು."

ಅವರು ಮೊಬೈಲ್ ತೆಗೆದುಕೊಂಡು ನಿಧಾನವಾಗಿ ಓದಿದರು. "ಸರಿಯೇ ಉಂಟಲ್ಲ," ಎಂದು ವಾಪಸು ಕೊಟ್ಟರು. ಆಮೇಲೆ ನನ್ನನ್ನು ನೋಡುತ್ತಾ ಕೂತರು. ನಾನು ಮೊಬೈಲನ್ನು ಕಿಸೆಗೆ ಹಾಕಿ ಎದ್ದೆ.

ಸೋಮವಾರ ಮ್ಯಾನೇಜರ್ ಬಾಗಿಲಲ್ಲೇ ಕಾಯುತ್ತಿದ್ದರು. "ಎಂತ ಹೇಳಿದ್ರು ಅಕ್ಕ?"

"ಅವರಿಗೆ ಮನಸ್ಸಿಲ್ಲವಂತೆ ಸರ್," ಎಂದೆ.