ಕುಂಬಳಕಾಯಿ ಕಡಿದ ಜಪಾನಿ ಕತ್ತಿ

ಗೆಳೆಯರೇ, ಇವತ್ತು ಆಯುಧಪೂಜೆ. ಹೊಸದಾಗಿ ಕೊಂಡ ಹಳೇ ಜಪಾನಿ ಕತ್ತಿಯಿಂದಲೇ ಬೂದುಗುಂಬಳ ಕಡಿಯಲು ಹೊರಟೆ. ಹೆಂಡತಿ, "ರೀ, ಯಾರ ಕತ್ತಿಯೋ ಏನೋ, ಬೇಡ" ಅಂದಳು. "ಸುಮ್ನಿರೇ" ಎಂದು ಗದರಿದೆ. ತಾಗಿಸಿದ್ದಷ್ಟೇ, ಕೈ ತಾನಾಗಿ ಕೆಳಗಿಳಿದು ಕಾಯಿ ಎರಡು ಹೋಳಾಯಿತು.

ಮಧ್ಯಾಹ್ನ, ಮಾಡಿದವನ ಹೆಸರು ಸಿಕ್ಕೀತೆಂದು ಹಿಡಿ ಕಳಚಿ, ಒಳಗಿನ ತುಕ್ಕುಹಿಡಿದ ಅಕ್ಷರಗಳನ್ನು ಪಕ್ಕದ ಮನೆಯ ಜಪಾನಿ ಡಾಕ್ಟರಮ್ಮನಿಂದ ಓದಿಸಿದೆ. ಓದಿದವರು ಕೈ ಹಿಂದೆಳೆದುಕೊಂಡರು. ಅಲ್ಲಿ ಕೊರೆದಿದ್ದು ಹೆಸರಲ್ಲ; ಹಿಂದೆ ಹೆಣಗಳನ್ನು ಒಂದರ ಮೇಲೊಂದು ಪೇರಿಸಿ ಈ ಕತ್ತಿಯ ಹರಿತ ಪರೀಕ್ಷಿಸಿದ್ದರಂತೆ, ಅದರ ಲೆಕ್ಕ. ಒಂದೇ ಏಟಿಗೆ ಎರಡು ಹೆಣ.

ಹೆಂಡತಿ ಹೊಸಿಲಲ್ಲಿದ್ದ ಕುಂಕುಮ ಮೆತ್ತಿದ ಹೋಳುಗಳನ್ನು ನೋಡಿದಳು. "ಅದು ಮನೇಲಿದ್ರೆ ನಾನಿರಲ್ಲ."

ಕತ್ತಿಯನ್ನು ಗ್ಯಾರೇಜಿನಲ್ಲಿಟ್ಟು ಬಂದೆ. ಅಲ್ಲಿರುವ ಕಾರಿಗೆ ಇನ್ನೂ ಪೂಜೆಯಾಗಿಲ್ಲ. ನಮ್ಮ ಹಾರ್ಬೋರ್ನ್ ಬಡಾವಣೆ ಕಡೆಯ ಧೈರ್ಯವಂತರು ಯಾರಾದರೂ ಬಂದು ಮಾಡಿ ಹೋಗಿ. ಬೀಗದ ಕೈ ಕೊಡುತ್ತೇನೆ, ಒಳಗೆ ಮಾತ್ರ ನನ್ನನ್ನು ಕರೀಬೇಡಿ.