ಮೋಟಾರ್ ಶೆಡ್ಡಿನ ಬೈಗುಳ

"ಎಲಾ ಮೂದೇವಿ, ಹತ್ತು ಕೇಳಿದ್ರೆ ಅಯ್ದ್ ಕೊಡ್ತೀಯಾ?"

ತಮಿಳುನಾಡಿನ ಕೊಂಬೈ ಊರಿನ ನಮ್ಮ ತೋಟದ ಮೋಟಾರ್ ಶೆಡ್ಡಿನಿಂದ ಬಂದ ಬೈಗುಳ ಕೇಳಿ ಬೆಚ್ಚಿದೆ. ನಾನು ಎಮ್ಮೆಗೆ ಬೈಯುವ ಮಾತದು. ಬೈದವಳು ನನ್ನ ಮೊಮ್ಮಗಳು. ನಾನು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು.

ಬೈಸಿಕೊಂಡದ್ದು ಮೋಟಾರಿನ ವೇಗ ಏರಿಸಿ ಇಳಿಸಲು ಅವಳೇ ಕೂರಿಸಿದ್ದ ಪುಟ್ಟ ಬೋರ್ಡು. ಅದು ಹತ್ತು ವೋಲ್ಟ್ ಕೊಟ್ಟರೆ ಮೋಟಾರ್ ಪೂರ್ತಿ ಓಡುತ್ತದಂತೆ. ಐದೇ ಕೊಡುತ್ತಿತ್ತು, ಕಡೆಯ ಸಾಲಿನ ಬಾಳೆಗೆ ನೀರೇ ಹೋಗುತ್ತಿರಲಿಲ್ಲ.

ಮೀಟರ್ ಇಟ್ಟು ನೋಡಿ ಪೆಚ್ಚಾದಳು. "ಇದುಕ್ಕೆ ಕರೆಂಟ್ ಕೊಡಾಕೆ ಫೋನ್ ಚಾರ್ಜರ್ ಸಿಕ್ಕಿಸಿವ್ನಿ ಅವ್ವಾ. ನಾನ್ ಕೊಟ್ಟಿದ್ದೇ ಅಯ್ದು."

"ಮತ್ತೆ ಅದುನ್ನ ಯಾಕ್ ಬೈದೆ? ನಿನ್ನೇ ಬೈಕೋ" ಎಂದೆ.

ಹನ್ನೆರಡು ವೋಲ್ಟಿನ ಅಡಾಪ್ಟರ್ ಹಾಕಿದಳು, ಕಡೆಯ ಬಾಳೆಗೂ ನೀರು ಹೋಯಿತು. "ಪಾಟ್ಟಿ, ತಣ್ಣಿ ವಂದಿರುಚ್ಚು!" ಎಂದು, ನೀರು ಬಂತೆನ್ನುವುದನ್ನೂ ಮತ್ತೆ ತಮಿಳಿನಲ್ಲೇ ಕೂಗಿದಳು. ಇವಳ ಬಾಯಲ್ಲಿ ನಮ್ಮ ಮಾತು ಕೇಳಬೇಕಾದರೆ ಇನ್ನೊಂದು ಬೋರ್ಡು ಕೆಡಬೇಕು.